ರನ್‌ವೇ ಇದ್ರ ಸಾಕೇನು? (ನಮ್ಮ ಜಿಲ್ಲೆ, ನಮ್ಮ ಇತಿಹಾಸ – ಭಾಗ 7)

ಕೊಪ್ಪಳದ ಹತ್ರ ಗಿಣಿಗೇರಾ ಕಡೆ ಒಂದು ರನ್‌ವೇ ಐತಿ. ಆದ್ರ ಅದು ಖಾಸಗಿ ಕಂಪನೀದು. ಟಿಕೆಟ್ ತಗೊಂಡು ನಾವು ಹತ್ತೋ ವಿಮಾನ ಅಲ್ಲಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ಹುಬ್ಬಳ್ಳಿಗೋ ತೋರಣಗಲ್ಲಿಗೋ ಹೋಗಬೇಕು.

2016ರಲ್ಲಿ ಕೇಂದ್ರ ಸರ್ಕಾರ ‘ಉಡಾನ್’ ಯೋಜನೆ ತಂದಿತು. ಸಣ್ಣ ಊರಿಗೆ ಹಾರುವ ವಿಮಾನ ಕಂಪನಿಗೆ ಆಗುವ ಕೊರತೆಯನ್ನು ತುಂಬಿಕೊಡುವುದು ಅದರ ಕೆಲಸ. 100 ರೂಪಾಯಿಯಲ್ಲಿ 80 ಕೇಂದ್ರದ ನಿಧಿಯದು, 20 ರಾಜ್ಯದ್ದು. ಆದರೆ ಮೂರು ವರ್ಷ ಮಾತ್ರ.

ಆಮ್ಯಾಲೆ ಏನಾಗ್ತದ? ಬೀದರ್ ನೋಡ್ರಿ. 2020ರ ಫೆಬ್ರವರಿ 7ರಂದು ಅಲ್ಲಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. 2023ರ ಕೊನೆಗೆ ನಿಂತಿತು. ಟರ್ಮಿನಲ್ ಇತ್ತು, ರನ್‌ವೇ ಇತ್ತು, ವಿಮಾನ ಇರಲಿಲ್ಲ! ರಾಜ್ಯ ಸರ್ಕಾರ ತನ್ನ ಹಣದಿಂದ ಕೊರತೆ ತುಂಬಲು ಒಪ್ಪಿದ ಮೇಲೆ, 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಾಟ ಶುರುವಾಯಿತು.

ಅಂದ್ರ, ನಿಲ್ದಾಣ ಕಟ್ಟೋದು ಒಮ್ಮೆ ಮಾಡೋ ಖರ್ಚು. ವಿಮಾನ ನಿಲ್ಲದಂಗ ನೋಡ್ಕೊಳ್ಳೋದು ವರ್ಷಾ ವರ್ಷಾ ಖರ್ಚು. ನಮ್ಮ ಜಿಲ್ಲೆಗೆ ವಿಮಾನ ಕೇಳೋವಾಗ ಎರಡನ್ನೂ ಕೇಳಬೇಕು.

ಆ ರೊಕ್ಕದಾಗ ನಿಮಗ ವಿಮಾನ ಬೇಕೋ, ಹಳ್ಳಿಗೆ ಇನ್ನೊಂದು ಬಸ್ ಬೇಕೋ? ಕಮೆಂಟಿನಾಗ ಹೇಳ್ರಿ.

#ಕೊಪ್ಪಳ #ನಮ್ಮಇತಿಹಾಸ