ಆಂಟನ್ ವೆಬರ್ನ್: ಮಿತಭಾಷಿಯ ಸಂಗೀತ

ಕೃತಿಕಾರನೊಬ್ಬನ ಹಿರಿಮೆಯನ್ನು ಅವನ ಗ್ರಂಥರಾಶಿಯ ತೂಕದಿಂದ ಅಳೆಯುವ ವಾಡಿಕೆ ಲೋಕದಲ್ಲಿ ಇಲ್ಲದಿಲ್ಲ. ಆ ಅಳತೆಗೋಲನ್ನು ಹಿಡಿದು ಹೊರಟರೆ ಆಸ್ಟ್ರಿಯ ದೇಶದ ಆಂಟನ್ ವೆಬರ್ನನಿಗೆ ಸಂಗೀತದ ಇತಿಹಾಸದಲ್ಲಿ ಒಂದು ಮೂಲೆಯೂ ದೊರೆಯಲಾರದು. ಅರುವತ್ತೊಂದು ವರ್ಷ ಬಾಳಿದ ಆತ ಸಂಖ್ಯೆ ಕೊಟ್ಟು ಲೋಕಕ್ಕೆ ಒಪ್ಪಿಸಿದ ಕೃತಿಗಳು ಕೇವಲ 31. ಅವೆಲ್ಲವನ್ನೂ ಒಂದರ ಹಿಂದೊಂದು ನುಡಿಸಿದರೂ ನಾಲ್ಕು ಗಂಟೆ ಹಿಡಿಯುವುದಿಲ್ಲ. ಹಾಗಿದ್ದರೂ ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ಹೊಸ ಸಂಗೀತವನ್ನು ಕಟ್ಟಹೊರಟ ತರುಣರು ಮೊದಲು ತಿರುಗಿ ನೋಡಿದ್ದು ಈ ಅಲ್ಪಸಂಗ್ರಹದ ಕಡೆಗೇ. ಇದು ಹೇಗಾಯಿತು?

ವೆಬರ್ನ್ ಹುಟ್ಟಿದ್ದು 1883ರ ಡಿಸೆಂಬರ್ 3ರಂದು, ವಿಯೆನ್ನಾ ನಗರದಲ್ಲಿ. ತಂದೆ ಗಣಿಗಳ ಎಂಜಿನಿಯರು, ಸರ್ಕಾರದ ಹಿರಿಯ ಅಧಿಕಾರಿ. ಪಿಯಾನೋ ಪಾಠ ತಾಯಿಯಿಂದಲೇ ಮೊದಲಾಯಿತು. ಬಾಲ್ಯ ಗ್ರಾಟ್ಸ್ ಮತ್ತು ಕ್ಲಾಗನ್‌ಫುರ್ಟ್ ಊರುಗಳಲ್ಲಿ ಕಳೆಯಿತು. ರಜೆಯ ದಿನಗಳು ಕರಿಂಥಿಯಾ ಪ್ರಾಂತದಲ್ಲಿದ್ದ ಮನೆತನದ ಜಮೀನಿನಲ್ಲಿ. ಆಲ್ಪ್ಸ್ ಪರ್ವತದ ಮೇಲೂ ಅಲ್ಲಿಯ ಪುಟ್ಟ ಹೂಗಳ ಮೇಲೂ ಹತ್ತಿದ ಮಮತೆ ಕಡೆಯವರೆಗೂ ಅವನನ್ನು ಬಿಡಲಿಲ್ಲ. 1902ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿ, ಗ್ವಿಡೋ ಆಡ್ಲರ್ ಎಂಬ ವಿದ್ವಾಂಸನ ಬಳಿ ಸಂಗೀತಶಾಸ್ತ್ರವನ್ನು ಓದಿ, 1906ರಲ್ಲಿ ಡಾಕ್ಟರೇಟ್ ಪಡೆದ. ಸಂಶೋಧನೆಗೆ ಆರಿಸಿಕೊಂಡದ್ದು ಹೈನ್ರಿಕ್ ಈಸಾಕ್ ಎಂಬ ಪ್ರಾಚೀನನನ್ನು. ಹಲವು ಧ್ವನಿಗಳನ್ನು ಕಟ್ಟುನಿಟ್ಟಾದ ನಿಯಮದಲ್ಲಿ ಹೆಣೆಯುವ ಆ ಹಳಬರ ವಿದ್ಯೆ ಮುಂದೆ ಅವನ ಕೈಗೆ ಬಹಳ ಒದಗಿ ಬಂದಿತು.

ಅವನ ಬಾಳಿಗೆ ತಿರುವು ಕೊಟ್ಟವನು ಆರ್ನಾಲ್ಡ್ ಷೋನ್‌ಬರ್ಗ್. 1904ರಲ್ಲಿ ಅವನ ಶಿಷ್ಯನಾದ ವೆಬರ್ನ್, ಸಹಪಾಠಿ ಆಲ್ಬನ್ ಬರ್ಗ್‌ನೊಂದಿಗೆ ಗುರುವಿನ ನೆರಳಾಗಿಯೇ ಬೆಳೆದ. ಗುರುಶಿಷ್ಯರು ಕೂಡಿ ಮಾಡಿದ ಸಾಹಸವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಆಧಾರ ಷಡ್ಜವನ್ನೇ ಅವರು ಬಿಟ್ಟುಕೊಟ್ಟರು. ಎಲ್ಲ ಸ್ವರಗಳೂ ಹೊರಟು ಮರಳಿ ಬಂದು ನೆಲೆಸುವ ಮನೆಯೊಂದು ಇರಬೇಕೆಂಬ ನಿಯಮ ಹೋಯಿತು. ಮನೆಯೇ ಇಲ್ಲದ ಮೇಲೆ ಪಯಣವನ್ನು ಬೆಳೆಸುವುದು ಹೇಗೆ? ವೆಬರ್ನನ ಕೃತಿಗಳು ಕಿರಿದಾದುದು ಇಲ್ಲಿಂದ. 1911ರಿಂದ 1913ರ ನಡುವೆ ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಆರು ‘ಬ್ಯಾಗಟೆಲ್’ಗಳೂ ಸೇರಿ ಸುಮಾರು ನಾಲ್ಕು ನಿಮಿಷ. ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳೂ ಒಮ್ಮೆ ಬಂದು ಹೋದವೆಂದರೆ ತುಣುಕು ಮುಗಿಯಿತೆಂದೇ ತನಗೆ ತೋರುತ್ತಿತ್ತೆಂದು ಅವನೇ ಮುಂದೊಂದು ಉಪನ್ಯಾಸದಲ್ಲಿ ನೆನೆದುಕೊಂಡ.

ಇದು ಬರಿಯ ಲೆಕ್ಕಾಚಾರವೆಂದು ತಿಳಿಯಬಾರದು. 1906ರಲ್ಲಿ ತಾಯಿ ತೀರಿಕೊಂಡಳು. ಆ ಅಳಲು 1909ರಲ್ಲಿ ವಾದ್ಯವೃಂದಕ್ಕಾಗಿ ರಚಿಸಿದ ಆರು ತುಣುಕುಗಳಲ್ಲಿ ಹೆಪ್ಪುಗಟ್ಟಿದೆ. ನಾಲ್ಕನೆಯದು ಶವಯಾತ್ರೆಯ ನಡಿಗೆ. 1913ರ ಮಾರ್ಚ್ 31ರಂದು ವಿಯೆನ್ನಾದಲ್ಲಿ ಷೋನ್‌ಬರ್ಗನ ನಿರ್ದೇಶನದಲ್ಲಿ ಇದು ಮೊದಲ ಬಾರಿ ಕೇಳಿಬಂದಾಗ ಸಭಿಕರು ನಕ್ಕರು, ಕೂಗಿದರು. ಮುಂದೆ ಬರ್ಗನ ಹಾಡುಗಳ ಹೊತ್ತಿಗೆ ಕೈಕೈ ಮಿಲಾಯಿಸುವವರೆಗೂ ಹೋಗಿ, ಕಚೇರಿ ಅರ್ಧಕ್ಕೇ ನಿಂತಿತು. ಮಗನೊಬ್ಬನ ಮಾತೃಶೋಕಕ್ಕೆ ನಗರ ತೋರಿದ ಮರ್ಯಾದೆ ಅದು.

ಬಳಿಕ ಷೋನ್‌ಬರ್ಗ್ ಹನ್ನೆರಡು ಸ್ವರಗಳ ಹೊಸ ಪದ್ಧತಿಯೊಂದನ್ನು ಕಂಡುಹಿಡಿದ. ಹನ್ನೆರಡು ಸ್ವರಗಳನ್ನೂ ರಚನಕಾರ ತನಗೆ ಬೇಕಾದ ಒಂದು ಸಾಲಾಗಿ ಜೋಡಿಸಿಕೊಳ್ಳುತ್ತಾನೆ. ಆ ಸಾಲನ್ನು ನೇರವಾಗಿ, ಹಿಂದುಮುಂದಾಗಿ, ತಲೆಕೆಳಗಾಗಿ ಬಳಸಿ ಕೃತಿಯನ್ನು ಕಟ್ಟುತ್ತಾನೆ. 1924ರಲ್ಲಿ ಇದನ್ನು ಕೈಗೊಂಡ ವೆಬರ್ನ್ ಗುರುವಿಗಿಂತಲೂ ನಿಷ್ಠುರನಾದ. 1928ರಲ್ಲಿ ಮುಗಿಸಿದ ಅವನ ಸಿಂಫನಿ ಹತ್ತು ನಿಮಿಷದ ಆಸುಪಾಸಿನದು. ಅದರ ಎರಡನೆಯ ಭಾಗ ನಡುವಿನವರೆಗೆ ಬಂದು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮ ಚಿತ್ರಕವಿಗಳ ‘ಗತಪ್ರತ್ಯಾಗತ’ವನ್ನು ಬಲ್ಲವರಿಗೆ ಇದು ಹೊಸದಲ್ಲ. ಚಿತ್ರಕಾವ್ಯವನ್ನು ನಮ್ಮ ಆಲಂಕಾರಿಕರು ಕೆಳಗಿನ ಪಂಕ್ತಿಯಲ್ಲಿ ಕೂರಿಸಿದರು, ಕಸರತ್ತಿದ್ದಲ್ಲಿ ರಸವಿರದೆಂದು. ವೆಬರ್ನನ ಮೇಲೂ ಇದೇ ಆಕ್ಷೇಪ ಬಂದದ್ದುಂಟು. ಆದರೆ ಅಲ್ಲಿ ಒಂದೊಂದು ಸ್ವರವೂ ಒಂದೊಂದು ವಾದ್ಯದಿಂದ ಹನಿಯಂತೆ ತೊಟ್ಟಿಕ್ಕಿ, ಸುತ್ತಲಿನ ಮೌನದಲ್ಲಿ ಕರಗುವುದನ್ನು ಕೇಳಿದವರಿಗೆ ಲೆಕ್ಕ ಮರೆತುಹೋಗುತ್ತದೆ.

ಇಷ್ಟು ಸೂಕ್ಷ್ಮದ ಕಲಾವಿದ ಜನರಿಂದ ದೂರ ಇದ್ದವನಲ್ಲವೆಂಬುದು ಸೋಜಿಗ. ಹತ್ತು ವರ್ಷಕ್ಕೂ ಮೇಲ್ಪಟ್ಟು ಅವನು ವಿಯೆನ್ನಾದ ಕಾರ್ಮಿಕರ ಗಾಯನ ಮಂಡಲಿಯನ್ನೂ ಕಾರ್ಮಿಕರಿಗಾಗಿಯೇ ಏರ್ಪಟ್ಟ ಕಚೇರಿಗಳನ್ನೂ ನಡೆಸಿದ. 1934ರಲ್ಲಿ ಸರ್ಕಾರ ಸಮಾಜವಾದಿಗಳನ್ನು ದಮನ ಮಾಡಿದಾಗ ಆ ಸಂಸ್ಥೆಗಳು ಮುಚ್ಚಿಹೋದುವು. ಅವನ ಅನ್ನದ ದಾರಿಯೂ ಮುಚ್ಚಿತು. ಯೆಹೂದ್ಯನಾದ ಗುರು 1933ರಲ್ಲೇ ಜರ್ಮನಿಯನ್ನು ತೊರೆದು ಅಮೆರಿಕ ಸೇರಿದ್ದ. 1935ರಲ್ಲಿ ಬರ್ಗ್ ಗತಿಸಿದ. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ ಮೇಲೆ ವೆಬರ್ನನ ಸಂಗೀತಕ್ಕೆ ‘ಭ್ರಷ್ಟಕಲೆ’ ಎಂಬ ಹಣೆಪಟ್ಟಿ ಬಿತ್ತು. ಪ್ರಕಾಶಕರಿಗೆ ಕರಡು ತಿದ್ದಿ, ಅನ್ಯರ ಕೃತಿಗಳನ್ನು ಪಿಯಾನೋಗೆ ಅಳವಡಿಸಿ ಅವನು ದಿನ ನೂಕಿದ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಚರಿತ್ರೆಗೆ ಸಲ್ಲದು. 1933ರ ಖಾಸಗಿ ಉಪನ್ಯಾಸಗಳಲ್ಲಿ ಜರ್ಮನಿಯಲ್ಲಿ ಸಂಸ್ಕೃತಿಗೆ ಒದಗುತ್ತಿದ್ದ ಗತಿಯನ್ನು ಕಂಡು ಮರುಗಿದ ಇದೇ ಮನುಷ್ಯ, 1940ರಲ್ಲಿ ಮಿತ್ರನಿಗೆ ಬರೆದ ಕಾಗದಗಳಲ್ಲಿ ಜರ್ಮನ್ ಸೇನೆಯ ಗೆಲುವುಗಳಿಗೆ ಮರುಳಾದುದು ಕಾಣುತ್ತದೆ. ಗುರುವಿನ ಮೇಲಿನ ಭಕ್ತಿಯನ್ನು ಮಾತ್ರ ಅವನು ಬಿಡಲಿಲ್ಲ. ಒಂದು ಸ್ವರವನ್ನಿಡಲು ಅಷ್ಟು ತೂಗಿ ನೋಡುತ್ತಿದ್ದವನು, ಕಾಲದ ಕೂಗನ್ನು ತೂಗಿ ನೋಡುವುದರಲ್ಲಿ ಎಡವಿದ. ಕಿವಿಯ ಸೂಕ್ಷ್ಮತೆ ಎಲ್ಲ ವಿವೇಕವನ್ನೂ ತಂದುಕೊಡದು. ಇದನ್ನು ಅರಿತೇ ನಾವು ಅವನ ಕೃತಿಗಳನ್ನು ಗೌರವಿಸಬೇಕು.

ಯುದ್ಧ ಅವನನ್ನು ಬಿಡಲಿಲ್ಲ. 1945ರ ಫೆಬ್ರವರಿಯಲ್ಲಿ ರೈಲಿನ ಮೇಲೆ ನಡೆದ ವಿಮಾನದಾಳಿಯಲ್ಲಿ ಒಬ್ಬನೇ ಮಗ ಪೀಟರ್ ಮಡಿದ. ಮುದಿ ದಂಪತಿಗಳು ಸಾಲ್ಜ್‌ಬರ್ಗ್ ಸೀಮೆಯ ಮಿಟ್ಟರ್‌ಸಿಲ್ ಎಂಬ ಹಳ್ಳಿಗೆ ಓಡಿಬಂದರು. ಯುದ್ಧ ಮುಗಿಯಿತು. ಸೆಪ್ಟೆಂಬರ್ 15ರ ರಾತ್ರಿ ಮಗಳ ಮನೆಯಲ್ಲಿ ಊಟ. ಕಾಳಸಂತೆಯ ವ್ಯವಹಾರದಲ್ಲಿ ಸಿಲುಕಿದ್ದ ಅಳಿಯನನ್ನು ಹಿಡಿಯಲು ಅಮೆರಿಕದ ಸೈನಿಕರು ಅದೇ ಮನೆಗೆ ಬಂದಿದ್ದರು. ಮಲಗಿದ್ದ ಮೊಮ್ಮಕ್ಕಳಿಗೆ ಹೊಗೆ ತಾಕದಿರಲೆಂದು ವೆಬರ್ನ್ ಚುಟ್ಟಾ ಸೇದಲು ಬಾಗಿಲಾಚೆ ಹೋದ. ಕತ್ತಲಲ್ಲಿ ಎದುರಾದ ಸೈನಿಕ, ಪಡೆಯ ಅಡುಗೆಯವನೊಬ್ಬ, ಗುಂಡು ಹಾರಿಸಿದ. ಒಳಕ್ಕೆ ತಡವರಿಸುತ್ತ ಬಂದ ವೆಬರ್ನ್ ಬದುಕಲಿಲ್ಲ.

ಹತ್ತು ವರ್ಷ ಕಳೆಯುವುದರೊಳಗೆ ಬುಲೇಜ್, ಸ್ಟಾಕ್‌ಹೌಸನ್ ಮೊದಲಾದ ತರುಣರಿಗೆ ಅವನು ಮಾರ್ಗದರ್ಶಿಯಾದ. ಎಪ್ಪತ್ತನ್ನು ದಾಟಿದ ಸ್ಟ್ರಾವಿನ್‌ಸ್ಕಿಯೂ ಅವನಿಗೆ ತಲೆಬಾಗಿದ. 1957ರಲ್ಲಿ ರಾಬರ್ಟ್ ಕ್ರಾಫ್ಟ್ ಅವನ ಸಂಖ್ಯಾಂಕಿತ ಕೃತಿಗಳನ್ನೆಲ್ಲ ಧ್ವನಿಮುದ್ರಿಕೆಗಳಲ್ಲಿ ಹೊರತಂದ. ನಾಲ್ಕೇ ತಟ್ಟೆಗಳು ಸಾಕಾದುವು.

ಕೇಳಬೇಕೆಂಬ ಕುತೂಹಲವುಳ್ಳವರು ಅವನ ಹತ್ತನೆಯ ಕೃತಿಯ ನಾಲ್ಕನೆಯ ತುಣುಕಿನಿಂದ ಆರಂಭಿಸಬಹುದು. ಮೊದಲಾಯಿತೇ ಎಂದು ಕಿವಿ ನಿಮಿರುವಷ್ಟರಲ್ಲಿ ಅದು ಮುಗಿದಿರುತ್ತದೆ. ಬೇಸರಪಡದೆ ಇನ್ನೊಮ್ಮೆ ಕೇಳಿ. ಅರ್ಧ ನಿಮಿಷಕ್ಕಿಂತ ಹೆಚ್ಚಿನ ಹೊತ್ತನ್ನು ಆ ಮಿತಭಾಷಿ ನಿಮ್ಮಿಂದ ಕೇಳುವುದಿಲ್ಲ.