ಶಿಲೆಯಲ್ಲಿ ನಿಂತ ಕರಾರು

ಕೊಟ್ಟ ಮಾತೇ ಸಾಕು, ಕಾಗದವೇಕೆ ಎಂದು ವ್ಯಾಪಾರಿ ಶ್ರಾವಕರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಬರೆಸಿಕೊಂಡರೆ ಎದುರಿನವರನ್ನು ಸಂಶಯಿಸಿದಂತಾಗುವುದೆಂಬ ಸಂಕೋಚ ಅದರ ಹಿಂದಿದೆ. ಜೈನರ ಇತಿಹಾಸವಾದರೋ ಈ ಸಂಕೋಚವನ್ನು ಸಮರ್ಥಿಸುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ, ಅಂದರೆ ಸುಳ್ಳು ಪತ್ರ ಸೃಷ್ಟಿಸುವುದನ್ನೂ, ನ್ಯಾಸಾಪಹಾರವನ್ನೂ, ಅಂದರೆ ಇಟ್ಟ ಒತ್ತೆಯನ್ನು ನುಂಗುವುದನ್ನೂ ಸೇರಿಸಿದ್ದಾರೆ. ದೋಷವೆನಿಸಿದುದು ಕೂಟಲೇಖ, ಲೇಖವಲ್ಲ.

ಶ್ರವಣಬೆಳಗೊಳದ 1368ರ ಶಾಸನವು ಪ್ರಸಿದ್ಧವಾದುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಒಪ್ಪಂದ ಮಾಡಿಸಿದನು. ಅರಸನ ಸಮಕ್ಷಮದಲ್ಲಿ ಕೈಗೆ ಕೈ ಕೊಟ್ಟ ಬಳಿಕ ಇನ್ನೇನು ಬೇಕು? ಆದರೂ ವಿವರಗಳನ್ನು ಕಲ್ಲಿನಲ್ಲಿ ಬರೆಸಲಾಯಿತು: ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣ, ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳು, ಉಳಿದುದು ಜೀರ್ಣಜಿನಾಲಯಗಳ ಸುಣ್ಣಕ್ಕೂ ದುರಸ್ತಿಗೂ. ಹೊಣೆ ತಿರುಮಲೆಯ ತಾತಯ್ಯನದು. ಮೊತ್ತ, ಉದ್ದೇಶ, ಹೊಣೆಗಾರ ಮೂರೂ ಸ್ಪಷ್ಟ. ಇಂದಿನ ಎಷ್ಟೋ ಕರಾರುಪತ್ರಗಳಲ್ಲಿ ಇಷ್ಟು ಸ್ಪಷ್ಟತೆ ಕಾಣಸಿಗದು.

ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದುದು ಶಕವರ್ಷ 1556ರ, ಎಂದರೆ 1634ರ ಶಾಸನ. ಬೆಳಗೊಳದ ಸ್ಥಾನಿಕರು ಕಷ್ಟಕ್ಕೆ ಸಿಲುಕಿ ದೇವರ ಭೂಮಿಗಳನ್ನು ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಅವನ್ನು ಬಹುಕಾಲ ಅನುಭವಿಸಿಕೊಂಡು ಬಂದರು. ಸಾಲ ಕೊಟ್ಟವರದು ತಪ್ಪೆನ್ನಲಾಗದು; ತೆಗೆದುಕೊಂಡವರಿಗೂ ಅನಿವಾರ್ಯತೆಯಿತ್ತು. ಆದರೆ ವ್ಯವಹಾರದಲ್ಲಿ ಬಾಯಿಲ್ಲದಿದ್ದ ಪಕ್ಷವೊಂದಿತ್ತು: ದೇವರ ಪೂಜೆ. ಮೈಸೂರಿನ ಚಾಮರಾಜ ಒಡೆಯರು ಅಡವುದಾರರನ್ನು ಕರೆಸಿ, ನಿಮ್ಮ ಸಾಲವನ್ನು ತಾವೇ ತೀರಿಸುವೆವೆಂದರು. ವರ್ತಕರು ಹಣವನ್ನು ಸ್ವೀಕರಿಸಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಮತ್ತು ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಧಾರೆಯೆರೆದು ಭೂಮಿಗಳನ್ನು ಬಿಟ್ಟುಕೊಟ್ಟರು.

ಎಲ್ಲರೂ ಸಜ್ಜನರೇ ಆಗಿದ್ದ ಪ್ರಸಂಗವಿದು. ಹಾಗಿದ್ದೂ ಬರವಣಿಗೆ ಏಕೆ? ಬಿಟ್ಟುಕೊಟ್ಟವನ ಮೊಮ್ಮಗನು ಹಳೆಯ ಅಡವುಪತ್ರವನ್ನು ಹಿಡಿದು ಬಂದರೆ ಅಜ್ಜನ ಔದಾರ್ಯಕ್ಕೆ ಸಾಕ್ಷಿ ಯಾರು? ಆದುದರಿಂದಲೇ ಬಿಡುಗಡೆಯನ್ನು ಕಲ್ಲಿನಲ್ಲಿ ಕೆತ್ತಿಸಿ, ಮುಂದೆ ದೇವರ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ಸಮಾನವಾಗಿ ನಿಷೇಧ ವಿಧಿಸಲಾಯಿತು. ಕೊಡುವವನೊಬ್ಬನನ್ನೇ ಕಟ್ಟಿಹಾಕಿದರೆ ಸಾಲದೆಂಬ ವ್ಯವಹಾರಜ್ಞಾನ ಇದರಲ್ಲಿದೆ.

ಇಂದಿನ ಕಾನೂನೂ ಬಾಯಿಮಾತಿನ ಕರಾರನ್ನು ತಳ್ಳಿಹಾಕುವುದಿಲ್ಲ. 1872ರ ಕರಾರು ಅಧಿನಿಯಮದಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಸಾಮಾನ್ಯವಾಗಿ 3 ವರ್ಷ ಕಳೆದರೆ ಕೈಸಾಲದ ದಾವೆ ನಿಲ್ಲದು. ಸಾಲಗಾರನು ಅವಧಿಯೊಳಗೆ ಸಾಲವನ್ನು ಒಪ್ಪಿಕೊಂಡು ಸಹಿಮಾಡಿದ ಬರಹವಿದ್ದರೆ ಅಂದಿನಿಂದ ಹೊಸ ಅವಧಿ ಆರಂಭವಾಗುವುದು. ಬರಿಯ ಖಾತೆಪುಸ್ತಕದ ನಮೂದೊಂದರಿಂದಲೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲಾಗದೆಂಬ ಹಳೆಯ ನಿಯಮವು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ತಲೆತಲಾಂತರದಿಂದ ಚೋಪಡಿಯನ್ನೇ ನಂಬಿದವರು ಇದನ್ನು ಅರಿತಿರಬೇಕು.

ದಾಂಡೇಲಿ, ಅಂಬೇವಾಡಿಯ ಕಡೆಯ ಮರದ ವ್ಯಾಪಾರವನ್ನೇ ನೋಡಬಹುದು. ಅರಣ್ಯ ಇಲಾಖೆಯ ಹರಾಜಿನಲ್ಲಿ ಪ್ರತಿ ದಿಮ್ಮಿಗೂ ಸಂಖ್ಯೆಯುಂಟು, ಅಳತೆಯುಂಟು, ಲಿಖಿತ ನಿಬಂಧನೆಯುಂಟು. ಸರ್ಕಾರದೊಡನೆ ಹೀಗೆ ವ್ಯವಹರಿಸುವ ವರ್ತಕನು ಅದೇ ಮರವನ್ನು ನೆಂಟನಿಗೆ ಕಡವಾಗಿ ಕೊಡುವಾಗ ಚೀಟಿಯನ್ನೂ ಕೇಳುವುದಿಲ್ಲ. ಮುಂದೆ ಮರದ ಬೆಲೆಯೊಡನೆ ನೆಂಟಸ್ತಿಕೆಯೂ ಹೋಗುವುದು.

ಬಸದಿಗಳ ಆಡಳಿತಗಾರರ ಹೊಣೆ ಇದಕ್ಕಿಂತ ದೊಡ್ಡದು, ಅವರ ಕೈಯಲ್ಲಿರುವುದು ಸ್ವಂತದ ಸೊತ್ತಲ್ಲ. ಬಸದಿಯ ಅಂಗಡಿಯನ್ನು ಒಂದು ವರ್ಷಕ್ಕೆ ಮೀರಿದ ಅವಧಿಗೆ ಗುತ್ತಿಗೆ ಕೊಡಬೇಕಾದರೆ 1882ರ ಸ್ವತ್ತು ಹಸ್ತಾಂತರ ಅಧಿನಿಯಮದ ಮೇರೆಗೆ ನೋಂದಾಯಿತ ಪತ್ರವೇ ಬೇಕು. ಬಾಡಿಗೆದಾರರು ಸಮಾಜದವರೇ ಆಗಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.