ಆನೆಕೆರೆಯ ದಂಡೆಯಿಂದ ಕಂಡ ಹೊಯ್ಸಳರು

‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ವಿಡಿಯೋ ಗೇಮ್ ಬಂದದ್ದು 2017ರಲ್ಲಿ. ನಾನು ಅದನ್ನು ಆಡಿದ್ದು ಮೊನ್ನೆ ಮೊನ್ನೆ, ರಾಣೆಬೆನ್ನೂರಿನ ಗೆಳೆಯನ ಮನೆಯಲ್ಲಿ, ಎರಡು ಭಾನುವಾರ ಕೂತು. ಅಮೆರಿಕದ ನಾಟಿ ಡಾಗ್ ಕಂಪನಿಯ ಆಟ. ಕ್ಲೋಯಿ ಫ್ರೇಜರ್ ಎಂಬಾಕೆ ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮಘಟ್ಟಕ್ಕೆ ಬರುತ್ತಾಳೆ. ಅಲ್ಲಿ ಜಲಪಾತಗಳ ನಡುವೆ, ಬಳ್ಳಿ ಹಬ್ಬಿದ ಕಲ್ಲುಗಳ ನಡುವೆ, ಹೊಯ್ಸಳರ ‘ಕಳೆದುಹೋದ’ ಊರುಗಳಿವೆ. ಹಳೇಬೀಡು, ಬೇಲೂರು ಎಂಬ ಹೆಸರು ಬಂದಾಗ ಗೆಳೆಯ ಕಂಟ್ರೋಲರ್ ಕೆಳಗಿಟ್ಟು ನಕ್ಕ. “ಲೇ, ಬೇಲೂರಿಗೆ ಬಸ್ ಐತಲ್ಲೋ, ಇಕಿ ಯಾಕ ಹಿಂಗ ಬಂಡಿಮ್ಯಾಗಿಂದ ಬಂಡಿಗೆ ಜಿಗ್ಯಾಕ ಹತ್ಯಾಳ?”

ಅವನ ಪ್ರಶ್ನೆ ತಮಾಷೆಯದೇ. ಆದರೆ ಇತಿಹಾಸ ಓದುವವನಿಗೆ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿಗೂ ಸೇರಿದವು. ಒಂದು ಊರು ಕಳೆದುಹೋಗಿದೆ ಎನ್ನಬೇಕಾದರೆ ಅಲ್ಲಿ ಇರುವ ಜನರನ್ನು ಮೊದಲು ಚಿತ್ರದಿಂದ ತೆಗೆಯಬೇಕು. ಆಟ ಮಾಡುವುದು ಅದನ್ನೇ. ಬಹಳ ಚಂದವಾಗಿ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಜೀಪು ಓಡಿಸುತ್ತ ಆ ಬೆಟ್ಟದ ಬಯಲಿನಲ್ಲಿ ನಾನು ಸುಮ್ಮನೆ ಸುತ್ತಿದ್ದೇ ಹೆಚ್ಚು.

ನಮ್ಮ ಹಾವೇರಿ ಸೀಮೆಗಂತೂ ಹೊಯ್ಸಳರು ಕಳೆದುಹೋದವರೂ ಅಲ್ಲ, ಬರೀ ಶಿಲ್ಪ ಕಟ್ಟಿಸಿದವರೂ ಅಲ್ಲ. ಅವರು ದಂಡು ತಂದವರು. ವಿಷ್ಣುವರ್ಧನ ಕಡೆಗಾಲದಲ್ಲಿ ಬಂಕಾಪುರದಲ್ಲಿದ್ದು ಅಲ್ಲಿಯೇ ತೀರಿಕೊಂಡ. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ 1196ರಲ್ಲಿ ಹಾನಗಲ್ಲಿಗೆ ಬಂದು, ಊರಿನ ಪಡುವಣ ದಿಕ್ಕಿನ ಆನೆಕೆರೆಯ ಬಳಿ ಬೀಡು ಬಿಟ್ಟು ಮುತ್ತಿಗೆ ಹಾಕಿದ. ಆಗ ಹಾನಗಲ್ಲನ್ನು ಆಳುತ್ತಿದ್ದವನು ಕದಂಬರ ಕಾಮದೇವ. ಅವನ ಸೇನಾಪತಿ ಸೋಹಣಿ ಮತ್ತು ಸೋಹಣಿಯ ಮಗ ಪದ್ಮಯ್ಯ ಸೇರಿ ಹೊಯ್ಸಳರ ದಂಡನ್ನು ಹಿಮ್ಮೆಟ್ಟಿಸಿದರು. ಆ ಕಾಳಗದಲ್ಲಿ ಸೋಹಣಿ ಸತ್ತ.

ಇದು ನಮಗೆ ಗೊತ್ತಿರುವುದು ಹಾನಗಲ್ಲಿನ ಒಂದು ವೀರಗಲ್ಲಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಕನ್ನಡ ನಾಡಿನ ಅರಸುಮನೆತನಗಳ ಬಗ್ಗೆ ಬರೆಯುವಾಗ ಇದನ್ನು ಬಳಸಿಕೊಂಡಿದ್ದಾನೆ. ಕಲ್ಲಿನ ಮೇಲೆ ಕದನ ಕಿಕ್ಕಿರಿದಿದೆ. ಹೊಯ್ಸಳರು ಅಲ್ಲಿ ನಾಯಕರಲ್ಲ, ಹೊರಗಿನಿಂದ ಬಂದ ವೈರಿಗಳು. ಪಠ್ಯಪುಸ್ತಕದಲ್ಲಿ ಓದಿದ ಬಲ್ಲಾಳನನ್ನು ಈ ಕಡೆಯಿಂದ, ಕೋಟೆಯ ಒಳಗಿನಿಂದ ನೋಡುವುದಿದೆಯಲ್ಲ, ಅದು ನನಗೆ ಯಾವ ಆಟದಲ್ಲೂ ಸಿಕ್ಕಿರಲಿಲ್ಲ.

ಈ ಕಡೆಯಿಂದ, ಆ ಕಡೆಯಿಂದ ಎಂಬ ಮಾತಿಗೆ ಒಂದು ಉದಾಹರಣೆ ಟಿವಿಯಲ್ಲೇ ಇದೆ. ಜೇಮ್ಸ್ ಕ್ಲಾವೆಲ್‌ನ ‘ಶೋಗನ್’ ಕಾದಂಬರಿ 1980ರಲ್ಲಿ ಮೊದಲ ಸಲ ಧಾರಾವಾಹಿಯಾದಾಗ ಜಪಾನಿ ಮಾತುಗಳಿಗೆ ಅಡಿಬರಹವನ್ನೇ ಹಾಕಿರಲಿಲ್ಲ. ಇಂಗ್ಲಿಷ್ ನಾವಿಕನಿಗೆ ಅರ್ಥವಾಗದ್ದು ನೋಡುಗನಿಗೂ ಅರ್ಥವಾಗಬೇಕಿಲ್ಲ ಎಂಬ ಲೆಕ್ಕ. 2024ರ ಹೊಸ ‘ಶೋಗನ್’ನ ಹತ್ತು ಕಂತುಗಳಲ್ಲಿ ಬಹುಪಾಲು ಮಾತು ಜಪಾನಿಯಲ್ಲೇ ಇದೆ, ಅಡಿಬರಹದೊಂದಿಗೆ. ಕಥೆ ಅದೇ. ಆದರೆ ಹಳೆಯದರಲ್ಲಿ ಗದ್ದಲವಾಗಿ ಕೇಳುತ್ತಿದ್ದವರು ಹೊಸದರಲ್ಲಿ ಯೋಚಿಸುವ ಮನುಷ್ಯರಾಗಿದ್ದಾರೆ. ಬ್ಯಾಡಗಿಯ ಮನೆಯಲ್ಲಿ ಮೊಬೈಲಿನಲ್ಲಿ ನೋಡುವಾಗ ಅಮ್ಮ ಇಣುಕಿ, “ಯಾವ ಭಾಷಾನೋ ಇದು, ತಿಳೀತದೇನು ನಿನಗ?” ಎಂದಳು. ಓದಿದರೆ ತಿಳಿಯುತ್ತದೆ ಅಂದೆ. ಹಳಗನ್ನಡದ ಶಾಸನಕ್ಕೂ ಇದೇ ಉತ್ತರ ಕೊಡಬಹುದು.

ವೀರಗಲ್ಲನ್ನು ಓದುವುದಕ್ಕೂ ಒಂದು ಕ್ರಮವಿದೆ. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋದರೆ ಅಲ್ಲಿಯ ವೀರಗಲ್ಲುಗಳ ಮುಂದೆ ನಿಂತು ನೋಡಿ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ಲಿಂಗ, ನಂದಿ, ಕೆಲವೊಮ್ಮೆ ಸೂರ್ಯಚಂದ್ರರು. ಪಟ್ಟಿಕೆಗಳ ನಡುವೆ ಅಕ್ಷರ. ಆಟದಲ್ಲಿ ಸತ್ತರೆ ಹಿಂದಿನ ತಿರುವಿಗೆ ಹೋಗಿ ಎದ್ದು ನಿಲ್ಲುತ್ತೇವೆ, ಸಾವಿಗೆ ಹತ್ತು ಸೆಕೆಂಡಿನ ಬೆಲೆ. ಈ ಕಲ್ಲಿನಲ್ಲಿ ಸತ್ತವನು ಕೆಳಗೆ ಇಳಿಯುವಂತಿಲ್ಲ.

‘ಘೋಸ್ಟ್ ಆಫ್ ಸುಶಿಮಾ’ ಆಡುವಾಗ ಇದೇ ಕಾಡುತ್ತಿತ್ತು. 1274ರಲ್ಲಿ ಮಂಗೋಲರು ಸುಶಿಮಾ ದ್ವೀಪಕ್ಕೆ ಬಂದಿಳಿದಾಗ ಸೋ ಸುಕೆಕುನಿ ಎಂಬ ಸ್ಥಳೀಯ ನಾಯಕ ಸುಮಾರು 80 ಕುದುರೆ ಸವಾರರೊಂದಿಗೆ ಎದುರಿಸಿ ಸತ್ತನೆಂದು ಹೇಳುತ್ತಾರೆ. ಆಟದಲ್ಲಿ ಅವನಿಲ್ಲ. ಅವನ ಜಾಗದಲ್ಲಿ ಜಿನ್ ಸಕಾಯ್ ಎಂಬ ಕಲ್ಪಿತ ವೀರ; ದಡದ ಕಾಳಗದಲ್ಲಿ ಬಿದ್ದವನು ಬದುಕಿ ಎದ್ದು ಇಡೀ ದ್ವೀಪವನ್ನು ಬಿಡಿಸುತ್ತಾನೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಿಂದಲೇ ಎದ್ದು ಓಡಿಹೋದಂತೆ. ಆಟಕ್ಕೆ ಅದು ಬೇಕು, ಸರಿ. ಆದರೆ ಆಟ ಮುಗಿದ ಮೇಲೆ ಎಷ್ಟು ಜನ ಸುಕೆಕುನಿಯ ಹೆಸರು ಹುಡುಕುತ್ತಾರೆ?

ಇನ್ನು ‘ಏಜ್ ಆಫ್ ಎಂಪೈರ್ಸ್ 2’. ಹೈಸ್ಕೂಲಿನಲ್ಲಿದ್ದಾಗ ಬ್ಯಾಡಗಿಯ ಇಂಟರ್ನೆಟ್ ಸೆಂಟರಿನಲ್ಲಿ, ಮೆಣಸಿನಕಾಯಿ ಸೀಜನ್ನಿನ ಘಾಟಿಗೆ ಸೀನುತ್ತಲೇ ಆಡಿದ್ದು. ಅದರಲ್ಲಿ ಆಟ ಶುರುವಾದ ಕೂಡಲೇ ಎದುರಾಳಿಯ ಕುರಿಗಳ ಹತ್ತಿರ ಕುದುರೆ ಸವಾರನನ್ನು ಕಳಿಸಬೇಕು. ಕಾವಲಿಲ್ಲದಿದ್ದರೆ ಕುರಿ ನಿಮ್ಮವು. ಎಂ.ಎ.ಗೆ ಬಂದು ಶಾಸನ ಓದುವಾಗ ‘ತುರುಗೋಳ್’ ಎಂಬ ಮಾತು ಎದುರಾಯಿತು. ದನ ಹೊಡೆದುಕೊಂಡು ಹೋಗುವುದು. ಅದನ್ನು ತಡೆದು ಸತ್ತವರಿಗೆ ಊರೂರಿನಲ್ಲಿ ಕಲ್ಲುಗಳಿವೆ. ಕುರಿ ಕದಿಯುವವನಾಗಿ ನಾನು ಆಡಿದ್ದ ಆಟದಲ್ಲಿ ಕುರಿ ಕಾಯುವವನಿಗೆ ಹೆಸರೇ ಇರಲಿಲ್ಲ. ಇಲ್ಲಿ ಅವನಿಗೆ ಹೆಸರಿದೆ, ಅಪ್ಪನ ಹೆಸರಿದೆ, ಕೆಲವೊಮ್ಮೆ ಕಲ್ಲು ನಿಲ್ಲಿಸಿದ ಹೆಂಡತಿಯ ಹೆಸರೂ ಇದೆ. ರಾಜನ ಹೆಸರು ಬರುವುದು ಬಹುಪಾಲು ಕಾಲ ತಿಳಿಸಲಿಕ್ಕೆ, ‘ಇಂಥವನು ಆಳುತ್ತಿದ್ದಾಗ’ ಎಂದು.

ಮುಂದಿನ ರಜೆಯಲ್ಲಿ ಗೆಳೆಯನನ್ನು ಹಾನಗಲ್ಲಿಗೆ ಕರೆದಿದ್ದೇನೆ. ಸೋಹಣಿ ಗೆದ್ದನೋ ಸೋತನೋ ಎಂಬುದು ಅವನ ಈಗಿನ ಪ್ರಶ್ನೆ. ಆ ದಿನ ಗೆದ್ದ, ಸತ್ತ ಎಂದೆ. ಬಲ್ಲಾಳನ ಕೈ ಕೊನೆಗೆ ಮೇಲಾಯಿತು. ಆದರೂ 1203ರಲ್ಲಿ ಕಾಮದೇವ ಇನ್ನೂ ಹೊಯ್ಸಳರ ಮೇಲೆ ಕಾದುತ್ತಲೇ ಇದ್ದ.